ಗಾಳಿಯಿಂದ ಇಳಿಸಿ, ಗಾಳಿಗೇ ಏರಿಸಿ

ಟೈರಿಗೆ ನೈಟ್ರೋಜನ್ ತುಂಬಿಸಿ ಎನ್ನುವ ಫಲಕ ನಿಮಗೂ ಗೊತ್ತು. ಪುಕ್ಕಟೆ ಗಾಳಿಯಲ್ಲಿ ಅದೇ ಸಾರಜನಕ ಶೇ. 78ರಷ್ಟಿದೆ, ಉಳಿದ ಭಾಗವನ್ನು ಸೋಸಿ ತೆಗೆದದ್ದಕ್ಕೆ ದುಡ್ಡು. ಆದರೂ ಇದು ಚಿಲ್ಲರೆ ವ್ಯಾಪಾರ. ಸಗಟು ವ್ಯಾಪಾರ ನಡೆಯುವುದು ಗೊಬ್ಬರದ ಕಾರ್ಖಾನೆಯಲ್ಲಿ.

ಅಲ್ಲಿ 400 ಡಿಗ್ರಿಗೂ ಮೀರಿದ ಶಾಖದಲ್ಲಿ, ಭಾರೀ ಒತ್ತಡದಲ್ಲಿ ಗಾಳಿಯ ಸಾರಜನಕವನ್ನು ಹಿಂಡಿ ಅಮೋನಿಯ ಮಾಡುತ್ತಾರೆ. ಅದು ಯೂರಿಯಾ ಆಗಿ ಹೊಲಕ್ಕೆ, ಧಾನ್ಯವಾಗಿ ಹೊಟ್ಟೆಗೆ, ಕೊನೆಗೆ ಮತ್ತೆ ಯೂರಿಯಾ ಆಗಿಯೇ ಮೂತ್ರದಲ್ಲಿ ಚರಂಡಿಗೆ ಇಳಿಯುತ್ತದೆ. ಚರಂಡಿಯ ಕೊನೆಯಲ್ಲಿ ಶುದ್ಧೀಕರಣ ಘಟಕ. ಅಲ್ಲಿ ವಿದ್ಯುತ್ ಸುರಿದು, ಬ್ಯಾಕ್ಟೀರಿಯಾಗಳನ್ನು ಸಾಕಿ, ಆ ಸಾರಜನಕವನ್ನು ಪುನಃ ಗಾಳಿಗೆ ಬಿಡುತ್ತಾರೆ. ಇಳಿಸಿದವರಿಗೂ ಸಂಬಳ, ಏರಿಸಿದವರಿಗೂ ಸಂಬಳ. ಇಬ್ಬರ ವಾರ್ಷಿಕ ವರದಿಯ ಮುಖಪುಟದಲ್ಲೂ ಒಂದು ಹಸಿರು ಎಲೆ.

ಇದೇ ಸಾರಜನಕ ಹಕ್ಕಿಗಳ ಹಿಕ್ಕೆಯಲ್ಲಿ ಸಿಗುತ್ತಿದ್ದ ಕಾಲವೊಂದಿತ್ತು. ಸಮುದ್ರದ ನಡುಗಡ್ಡೆಯಲ್ಲಿ ಹಿಕ್ಕೆ ಕಂಡ ಪ್ರಜೆ ಅದನ್ನು ದೇಶದ ಹೆಸರಿಗೆ ಬರೆಸಿಕೊಳ್ಳಬಹುದೆಂದು ಅಮೆರಿಕ 1856ರಲ್ಲಿ ಕಾನೂನನ್ನೇ ಮಾಡಿತು. ಹಿಕ್ಕೆಯ ರಾಶಿಯಿದ್ದ ಪೆರುವಿನ ಚಿಂಚಾ ದ್ವೀಪಗಳನ್ನು ಸ್ಪೇನ್ 1864ರಲ್ಲಿ ನೌಕಾಪಡೆ ಕಳುಹಿಸಿ ಹಿಡಿದುಕೊಂಡಿತು. ಸಾಮ್ರಾಜ್ಯಗಳ ಘನತೆಯ ಬಗ್ಗೆ ಭಾಷಣ ಕೇಳಿದಾಗಲೆಲ್ಲ ನನಗೆ ಆ ಹಕ್ಕಿಗಳೇ ನೆನಪಾಗುತ್ತವೆ. ಸುತ್ತ ಫಿರಂಗಿಗಳಿದ್ದರೂ ಅವು ತಮ್ಮ ಕೆಲಸ ನಿಲ್ಲಿಸಿರಲಾರವು.

ಆಮೇಲೆ ಗಾಳಿಯಿಂದಲೇ ಅಮೋನಿಯ ಮಾಡುವ ವಿಧಾನ ಕಂಡುಹಿಡಿದ ಜರ್ಮನ್ ರಸಾಯನವಿಜ್ಞಾನಿ ಫ್ರಿಟ್ಜ್ ಹೇಬರ್ ಬಂದ. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಅನ್ನಕ್ಕೆ ಅವನ ವಿಧಾನವೇ ಆಧಾರ. 1915ರಲ್ಲಿ ಯುದ್ಧಭೂಮಿಗೆ ಕ್ಲೋರಿನ್ ವಿಷಾನಿಲ ತಂದವನೂ ಅವನೇ. ನೊಬೆಲ್ ಸಮಿತಿ ಅನ್ನವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿ ಕುಳಿತ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಇಳಿಸುವ ಅದೇ ಕೆಲಸವನ್ನು ಹೊಗೆಯಿಲ್ಲದೆ, ಟೆಂಡರಿಲ್ಲದೆ ಮಾಡುತ್ತ ಬಂದಿದೆ. ಅದಕ್ಕೆ ಒಂದು ಶಾಲೂ ಇಲ್ಲ.

ಇಷ್ಟೆಲ್ಲ ಹೆಣಗಿ ಮಾಡಿದ ಗೊಬ್ಬರದಲ್ಲಿ ಅರ್ಧದಷ್ಟು ಬೆಳೆಗೆ ದಕ್ಕುವುದೇ ಇಲ್ಲ. ಒಂದಷ್ಟು ನದಿಗೆ, ಒಂದಷ್ಟು ಗಾಳಿಗೆ, ಒಂದಷ್ಟು ಅಂತರ್ಜಲಕ್ಕೆ. ಹೆಚ್ಚು ಹಾಕಿದರೆ ಹೆಚ್ಚು ಹಸಿರು ಎಂಬ ನಂಬಿಕೆ ಮಾತ್ರ ಎಲ್ಲಿಗೂ ಸೋರಿಹೋಗಿಲ್ಲ.

ಸಾಕು, ನಗು ಬರುವುದಿಲ್ಲ. ಹೀಗೆ ಸೋರಿದ ಸಾರಜನಕ ಬಾವಿನೀರಿನಲ್ಲಿ ನೈಟ್ರೇಟ್ ಎಂಬ ಲವಣವಾಗಿ ಸೇರಿ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ದಕ್ಕದಂತೆ ಮಾಡಿ ಮೈಯನ್ನು ನೀಲಿಗಟ್ಟಿಸುತ್ತದೆ ಎಂದು ವೈದ್ಯರು 1945ರಲ್ಲೇ ಬರೆದಿಟ್ಟಿದ್ದಾರೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನೀರು ಕೆಟ್ಟಿದೆ ಎಂದು ದೂರು ಕೊಟ್ಟ ತಾಯಿಗೆ ಇವತ್ತಿಗೂ ಸಿಗುವ ಉತ್ತರ, ಕುದಿಸಿ ಕುಡಿಸಿ.