ಆಸ್ತಿಗಿಂತ ಆ ಸುಳ್ಳು ದೊಡ್ಡದು
ಅಮೆರಿಕದ ನಾಟಕಕಾರ ಟೆನೆಸ್ಸೀ ವಿಲಿಯಮ್ಸ್ ಅವರ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ (1955) ನಾಟಕವನ್ನು, ಅದರ ಬಗ್ಗೆ ನಾನು ಓದಿದ ಲೇಖನವೊಂದರ ಲೇಖಕರು ಆಸ್ತಿ ಜಗಳದ ಕಥೆ ಎಂದಿದ್ದಾರೆ. ಒಪ್ಪಲಾರೆ. ಮಿಸಿಸಿಪಿಯಲ್ಲಿ ತಂದೆ ಬಿಗ್ ಡ್ಯಾಡಿಗೆ ಇರುವ 28,000 ಎಕರೆ ಜಮೀನಿನ ಮೇಲೆ ಹಿರಿಮಗ ಗೂಪರ್‌ನ ಕಣ್ಣಿರುವುದು ನಿಜ. ಆದರೆ ನನ್ನನ್ನು ಕಲಕಿದ್ದು ಬೇರೆ. ಬಿಗ್ ಡ್ಯಾಡಿಗೆ ಕ್ಯಾನ್ಸರ್ ಎಂದು ಮಕ್ಕಳಿಗೆ ಗೊತ್ತು, ಅವನಿಗೂ ಅವನ ಹೆಂಡತಿಗೂ ಗೊತ್ತಿಲ್ಲ. ಬರೀ ಕರುಳಿನ ತೊಂದರೆ ಎಂದು ನಂಬಿ ಹುಟ್ಟುಹಬ್ಬದ ದಿನ ಆತ ಮುಂದಿನ ಬದುಕಿನ ಮಾತಾಡುತ್ತಾನೆ. ಕೊನೆಗೆ ನಿಜ ಹೇಳುವವನು ಆಸ್ತಿಯ ಗೊಡವೆಯೇ ಇಲ್ಲದ ಕುಡುಕ ಮಗ ಬ್ರಿಕ್, ಅದೂ ಸಿಟ್ಟಿನಲ್ಲಿ.

ನಮ್ಮ ತಂದೆಗೂ ನಾವು ಎಂಟು ತಿಂಗಳು ‘ಹೊಟ್ಟೆಯ ಹುಣ್ಣು, ವಾಸಿಯಾಗುತ್ತದೆ’ ಎಂದೇ ಹೇಳಿದ್ದೆವು. ಅವರು ಬೇಸಿಗೆಯಲ್ಲಿ ಊರಿನ ಮನೆಯ ಹೆಂಚು ಬದಲಿಸಲು ಲೆಕ್ಕ ಹಾಕುತ್ತಿದ್ದರು. ಬ್ರಿಕ್ ತಂದೆಗೆ ನಿಜ ಹೇಳುವ ಎರಡನೆಯ ಅಂಕವನ್ನು ಓದಿ ಮುಗಿಸಲು ನನಗೆ ಮೂರು ದಿನ ಬೇಕಾಯಿತು.