ಕದನ ವಿರಾಮದ ಪರವಾಗಿ ಒಬ್ಬ ಮಾಜಿ ಸೈನಿಕನ ಮಾತು

2025ರ ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು, ನಮ್ಮ ಡಿಜಿಎಂಒ ಅವರಿಗೆ ಫೋನ್ ಮಾಡಿದರು. ಸಂಜೆ 5 ಗಂಟೆಯಿಂದ ದಾಳಿ ನಿಲ್ಲಿಸುವುದೆಂದು ತೀರ್ಮಾನವಾಯಿತು. ಸುದ್ದಿ ಬಂದ ಮೇಲೆ ಜಾಲಹಳ್ಳಿಯ ನಮ್ಮ ಬಡಾವಣೆಯಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ನಿರಾಸೆಯ ಮಾತೇ. "ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಪೂರ್ತಿ ಮುಗಿಸಿಬಿಡುತ್ತಿದ್ದರಲ್ಲ ಸಾರ್" ಎಂದು ಪಕ್ಕದ ಮನೆಯ ಹುಡುಗ ಕೇಳಿದ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಬಗೆಯನ್ನು ಕಂಡವರಿಗೆ ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು, ಮತ್ತು ಉಗ್ರರ ನೆಲೆಗಳ ಮೇಲೆ ನಡೆದ ದಾಳಿ ಸರಿಯಾದದ್ದೆಂದೇ ನಂಬಿದ್ದೇನೆ. ಆದರೆ ಕಾದಾಟ ನಡೆದ ನಾಲ್ಕು ದಿನಗಳಲ್ಲಿ ಪೂಂಚ್‌ನಲ್ಲಿ ಶೆಲ್ ಬಿದ್ದು ಸತ್ತವರಲ್ಲಿ ಮಕ್ಕಳೂ ಇದ್ದರು. ಇನ್ನೂ ನಾಲ್ಕು ದಿನ ಎನ್ನುವವರು ಆ ದಿನಗಳನ್ನು ಕಳೆಯಬೇಕಾದವರು ಯಾರು ಎಂಬುದನ್ನೂ ಯೋಚಿಸಬೇಕು.

ಕದನ ವಿರಾಮ ಎಂದರೆ ಏನೆಂಬುದನ್ನು ನಾನು ತಿಳಿದದ್ದು ಸಿಯಾಚಿನ್‌ನಲ್ಲಿ. ಅಲ್ಲಿ ನಾನು 2003ರ ಮುಂಚೆಯೂ ಇದ್ದೆ, ಆಮೇಲೂ ಇದ್ದೆ. ಮುಂಚಿನ ದಿನಗಳಲ್ಲಿ ಪೋಸ್ಟ್‌ನ ಒಳಗೆ ಸೀಮೆಎಣ್ಣೆಯ ಬುಖಾರಿ ಒಲೆ ಹಗಲೂ ರಾತ್ರಿ ಉರಿಯುತ್ತಿತ್ತು, ಉಗಿದರೆ ಎಂಜಲು ಕಪ್ಪಗೆ ಬರುತ್ತಿತ್ತು, ಹೊರಗೆ ಎಲ್ಲಿಂದ ಯಾವಾಗ ಶೆಲ್ ಬೀಳುವುದೋ ಎಂದು ಕಿವಿ ನಿಗುರಿಸಿಕೊಂಡೇ ಇರಬೇಕಾಗಿತ್ತು. ಆ ವರ್ಷದ ನವೆಂಬರ್‌ನಲ್ಲಿ ನಿಯಂತ್ರಣ ರೇಖೆಯ ಜೊತೆಗೆ ಸಿಯಾಚಿನ್‌ಗೂ ಕದನ ವಿರಾಮ ಅನ್ವಯವಾಯಿತು. ನಾನು ಎರಡನೆಯ ಸಲ ಹೋದಾಗ ಒಬ್ಬ ಎಳೆಯ ಸಿಪಾಯಿಗೆ ಹೇಪೋ ಆಯಿತು, ಅಂದರೆ ಎತ್ತರದ ಗಾಳಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು. ರಾತ್ರಿಯಿಡೀ ಅವನ ಎದೆಯಿಂದ ಗುಳುಗುಳು ಸದ್ದು ಬರುತ್ತಿತ್ತು, ತುಟಿ ನೀಲಿಗಟ್ಟಿತ್ತು, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಬೆಳಗ್ಗೆ ಮೋಡ ಸರಿದ ಕೂಡಲೇ ಚೀತಾ ಹೆಲಿಕಾಪ್ಟರ್ ಬಂದು ಅವನನ್ನು ಎತ್ತಿಕೊಂಡು ಹೋಯಿತು. ಪೈಲಟ್ ನೋಡಬೇಕಾಗಿದ್ದು ಹವಾಮಾನವನ್ನು ಮಾತ್ರ, ಎದುರಿನ ಫಿರಂಗಿಗಳನ್ನಲ್ಲ. ಆ ಸಿಪಾಯಿ ಬದುಕಿದ. ದೆಹಲಿಯಲ್ಲಿ ಮತ್ತು ಇಸ್ಲಾಮಾಬಾದಿನಲ್ಲಿ ಯಾರೋ ಕುಳಿತು ಮಾಡಿದ ಒಂದು ಒಪ್ಪಂದ ಆ ಬೆಳಗ್ಗೆ ನಮ್ಮ ಪೋಸ್ಟ್‌ನಲ್ಲಿ ಕೆಲಸ ಮಾಡಿತು ಎಂದು ನಾನು ಇಂದಿಗೂ ದೃಢವಾಗಿ ನಂಬುತ್ತೇನೆ.

ಗುಂಡು ನಿಂತರೂ ಹಿಮ ಕೊಲ್ಲುವುದನ್ನು ಬಿಡಲಿಲ್ಲ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದಂದಿನಿಂದ ನಮ್ಮ ಕಡೆ ಎಂಟುನೂರಕ್ಕೂ ಹೆಚ್ಚು ಸೈನಿಕರು ಅಲ್ಲಿ ತೀರಿಕೊಂಡಿದ್ದಾರೆ. ಅವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡದ್ದು ಶತ್ರುವಿನ ಗುಂಡಲ್ಲ, ಹಿಮಪಾತ ಮತ್ತು ಚಳಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಸೋನಂ ಪೋಸ್ಟ್ ಹಿಮದಡಿ ಹೂತುಹೋದಾಗ ಅಲ್ಲಿದ್ದ ಹತ್ತು ಮಂದಿಯಲ್ಲಿ ಅವರೊಬ್ಬರೇ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅದಕ್ಕೆ ನಾಲ್ಕು ವರ್ಷ ಮುಂಚೆ, 2012ರ ಏಪ್ರಿಲ್‌ನಲ್ಲಿ, ಎದುರು ಕಡೆಯ ಗಯಾರಿಯಲ್ಲಿ ಹಿಮ ಕುಸಿದು 140 ಮಂದಿ ಸತ್ತರು. ಅವರ ತಾಯಂದಿರೂ ವಾರಗಟ್ಟಲೆ ಕಾದರು. ಇದನ್ನು ಬರೆಯುವುದರಿಂದ ನನ್ನ ದೇಶಪ್ರೇಮಕ್ಕೆ ಕುಂದಿಲ್ಲ.

ಹಾಗಾದರೆ ಇಳಿದು ಬಂದುಬಿಡಬಾರದೇ ಎಂದು ಕೇಳುವವರಿದ್ದಾರೆ. ಅಷ್ಟು ಸುಲಭವಲ್ಲ. 1949ರ ಕರಾಚಿ ಒಪ್ಪಂದದಲ್ಲಿ ಕದನ ವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಗುರುತಿಸಿ, ಅಲ್ಲಿಂದ ಮುಂದೆ "ಉತ್ತರಕ್ಕೆ ಹಿಮನದಿಗಳವರೆಗೆ" ಎಂದಷ್ಟೇ ಬರೆದರು. ಅಲ್ಲಿ ಮನುಷ್ಯರು ಹೋಗಿ ಕಾದಾಡಬಹುದೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ. ಸಿಯಾಚಿನ್ ಹಿಮನದಿಯ ಪಶ್ಚಿಮಕ್ಕಿರುವ ಸಾಲ್ಟೊರೊ ಪರ್ವತಸಾಲಿನ ಎತ್ತರಗಳು ಈಗ ನಮ್ಮ ಕೈಯಲ್ಲಿವೆ. 1989ರಲ್ಲಿ ಎರಡೂ ದೇಶಗಳು ಪಡೆಗಳನ್ನು ಹಿಂದಕ್ಕೆ ಸರಿಸುವ ಮಾತಿಗೆ ಹತ್ತಿರ ಬಂದಿದ್ದವು, ಆದರೆ ಅದು ಕೈಗೂಡಲಿಲ್ಲ. ಹತ್ತು ವರ್ಷಗಳ ಮೇಲೆ, ಚಳಿಗಾಲದಲ್ಲಿ ಖಾಲಿ ಬಿಟ್ಟ ಪೋಸ್ಟ್‌ಗಳನ್ನು ಬೇರೆಯವರು ಹತ್ತಿ ಕುಳಿತದ್ದನ್ನು ಕಾರ್ಗಿಲ್‌ನಲ್ಲಿ ಕಂಡೆವು. ಆದ್ದರಿಂದ ಇಂದು ಎಲ್ಲೆಲ್ಲಿ ಯಾರಿದ್ದಾರೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ ಎರಡೂ ಕಡೆಯವರು ಸಹಿ ಹಾಕದ ಹೊರತು ಒಂದು ಪೋಸ್ಟನ್ನೂ ಬಿಡಬಾರದೆಂಬ ನಮ್ಮ ಸೇನೆಯ ನಿಲುವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆ ಸಹಿಗಾಗಿ ಮಾತುಕತೆ ನಡೆಸುವುದೇ ದ್ರೋಹ ಎನ್ನುವುದನ್ನು ಮಾತ್ರ ಒಪ್ಪಲಾರೆ.

ಬೆಂಗಳೂರಿನ ಹೆಸರು ಸಿಗುವ ಹಳೆಯ ದಾಖಲೆಯೇ ಒಂದು ಯುದ್ಧದ ಶಾಸನ. ಸುಮಾರು 890ರ ಬೇಗೂರಿನ ಆ ವೀರಗಲ್ಲು "ಬೆಂಗಳೂರ ಕಾಳಗ"ದಲ್ಲಿ ಬುಟ್ಟಣಸೆಟ್ಟಿ ಮಡಿದದ್ದನ್ನು ಹೇಳುತ್ತದೆ. ಇಂದು ನಗರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಹುತಾತ್ಮರ ಹೆಸರುಗಳನ್ನು ಕೆತ್ತಿದ್ದಾರೆ. ಅಲ್ಲಿಗೆ ಹೋದಾಗಲೆಲ್ಲ ನನ್ನ ಪಲ್ಟನ್ನಿನವರ ಹೆಸರನ್ನು ಬೆರಳಿಟ್ಟು ಓದುತ್ತೇನೆ. ಸತ್ತವರನ್ನು ಗೌರವಿಸುವುದು ನಮ್ಮ ನಾಡಿಗೆ ಚೆನ್ನಾಗಿ ಗೊತ್ತು. ಅದೇ ಕಾಳಜಿ ಇನ್ನೂ ಪೋಸ್ಟ್‌ನಲ್ಲಿ ನಿಂತಿರುವವರ ಬಗ್ಗೆಯೂ ಇರಲಿ ಎಂಬುದು ನನ್ನ ಕೋರಿಕೆ.

ಶಾಂತಿ ಸಾಧ್ಯವೇ? ಪೂರ್ಣ ಸ್ನೇಹವನ್ನು ನನ್ನ ಕಾಲದಲ್ಲಿ ಕಾಣುತ್ತೇನೆಂಬ ಭರವಸೆ ನನಗಿಲ್ಲ. ಗುಂಡು ನಿಲ್ಲಿಸುವುದು ಮಾತ್ರ ಸಾಧ್ಯ. 2020ರಲ್ಲಿ ನಿಯಂತ್ರಣ ರೇಖೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಸಲ ಕದನ ವಿರಾಮ ಮುರಿದಿತ್ತು. 2021ರ ಫೆಬ್ರವರಿ 25ರ ಜಂಟಿ ಹೇಳಿಕೆಯ ನಂತರ ಅದು ಬಹುಮಟ್ಟಿಗೆ ನಿಂತು, ಗಡಿಯ ರೈತರು ಬೇಲಿಯಾಚೆಯ ಹೊಲಕ್ಕೆ ಹೋಗುವಂತಾಯಿತು. ಉಗ್ರರಿಗೆ ತಕ್ಕ ಉತ್ತರ ಕೊಡುತ್ತಲೇ ಡಿಜಿಎಂಒಗಳ ಆ ಫೋನ್ ಸಂಪರ್ಕವನ್ನು ಎಂಥ ಕೆಟ್ಟ ದಿನಗಳಲ್ಲೂ ಕಡಿಯಬಾರದು. ಸಿಯಾಚಿನ್ ವಿಷಯದಲ್ಲಿ ಸಹಿ ಬಿದ್ದರೆ ಮೊದಲು ಅತಿ ಎತ್ತರದ ಪೋಸ್ಟ್‌ಗಳಿಂದ ಜನರನ್ನು ಇಳಿಸಬೇಕು, ಖಾಲಿಯಾದ ಜಾಗಗಳ ಮೇಲೆ ಉಪಗ್ರಹ ಮತ್ತು ವಿಮಾನಗಳಿಂದ ಕಣ್ಣಿಡಬೇಕು, ಎದುರಿನವರು ಮಾತಿಗೆ ತಪ್ಪಿದರೆ ಮತ್ತೆ ಹತ್ತಲು ತಯಾರಿರುವ ಪಡೆಯನ್ನು ಕೆಳಗೆ ಇಟ್ಟುಕೊಳ್ಳಬೇಕು. ಇದಕ್ಕೆ ಒಂದಲ್ಲ, ಹಲವು ಬೇಸಿಗೆಗಳು ಬೇಕಾಗುತ್ತವೆ. ಮುಂದಿನ ಸಲ ನಿಮ್ಮ ಸಂಸದರು ಮತ ಕೇಳಲು ಮನೆಗೆ ಬಂದಾಗ ಈ ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ಅವರನ್ನು ಕೇಳಿ.