‘ಎಲೆಕ್ಷನ್‌ಗೆ ನಿಂತ್ಕೋಬೇಕು, ಅದಕ್ಕೆ’

ಕಳೆದ ಯುಗಾದಿಗೆ ಮುಳಬಾಗಿಲು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದಾಗ, ವರ್ಷತೊಡಕಿನ ದಿನ ಅರಳಿಕಟ್ಟೆಯ ಮೇಲೆ ಕೇಳಿದ ಒಂದು ಮಾತು ತ್ರಿಶೂರಿಗೆ ಮರಳಿದ ಮೇಲೂ ನನ್ನನ್ನು ಬಿಟ್ಟಿಲ್ಲ. ನನ್ನ ಚಿಕ್ಕಪ್ಪನ ಮಗ, ಕೆರೆಗೆ ನೀರು ತರುವ ಕಾಲುವೆಯಲ್ಲಿ ಬೆಳೆದಿದ್ದ ಜಾಲಿಯನ್ನು ಕೀಳಿಸಲು ಮನೆಗೆ ಇನ್ನೂರು ರೂಪಾಯಿಯಂತೆ ಎತ್ತಿ, ಜೆಸಿಬಿ ತರಿಸಿ, ಮೂರು ದಿನ ಬಿಸಿಲಿನಲ್ಲಿ ನಿಂತು ಕೆಲಸ ಮಾಡಿಸಿದ್ದ. ಡೀಸೆಲ್ಲಿಗೆ ಎಷ್ಟು, ಡ್ರೈವರನ ಊಟಕ್ಕೆ ಎಷ್ಟು ಎಂಬ ಲೆಕ್ಕವನ್ನೆಲ್ಲ ಬರೆದು ದೇವಸ್ಥಾನದ ಗೋಡೆಗೆ ಅಂಟಿಸುತ್ತಿದ್ದ. ಅದನ್ನು ಓದಿದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, “ಇಷ್ಟೆಲ್ಲಾ ಯಾಕೆ ಮಾಡ್ತಾವ್ನೆ ಅಂದ್ಕೊಂಡಿದ್ದೀಯಪ್ಪಾ? ಎಲೆಕ್ಷನ್‌ಗೆ ನಿಂತ್ಕೋಬೇಕು, ಅದಕ್ಕೆ” ಎಂದರು. ತಮ್ಮನಿಗೂ ಕೇಳಿಸಿತು. ಏನೂ ಹೇಳದೆ ಗೋಂದಿನ ಡಬ್ಬಿ ಎತ್ತಿಕೊಂಡು ಮನೆಗೆ ಹೋದ.

ತ್ರಿಶೂರಿನಲ್ಲಿ ನಾವು ಮನೆ ಮಾಡಿದ ಮೊದಲ ವಾರವೇ, ಉದ್ದನೆಯ ನೋಟ್‌ಬುಕ್ ಹಿಡಿದ ಹೆಂಗಸೊಬ್ಬರು ಬಾಗಿಲಿಗೆ ಬಂದಿದ್ದರು. ಮನೆಯಲ್ಲಿ ಎಷ್ಟು ಜನ, ವಯಸ್ಸಾದವರಿದ್ದಾರೆಯೇ, ಯಾರಿಗಾದರೂ ದಿನವೂ ಔಷಧಿ ಬೇಕೇ ಎಂದು ಕೇಳಿ ಬರೆದುಕೊಂಡರು. ಅವರು ನಮ್ಮ ಬೀದಿಯ ಕುಡುಂಬಶ್ರೀ ಕೂಟದ ಕಾರ್ಯದರ್ಶಿ. 1998ರಲ್ಲಿ ಕೇರಳ ಸರ್ಕಾರ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಹತ್ತಿಪ್ಪತ್ತು ಮನೆಯ ಹೆಂಗಸರು ಸೇರಿ ಒಂದು ನೆರೆಕೂಟ, ಅದರ ಮೇಲೆ ವಾರ್ಡಿಗೊಂದು, ಪಂಚಾಯಿತಿ ಅಥವಾ ನಗರಸಭೆಯ ಮಟ್ಟಕ್ಕೊಂದು ಸಂಘ ಇರುತ್ತದೆ. ಮುಂದಾಳುಗಳನ್ನು ಸದಸ್ಯೆಯರೇ ಆರಿಸುತ್ತಾರೆ. 2018ರ ಆಗಸ್ಟ್ ಪ್ರವಾಹದಲ್ಲಿ ನಮ್ಮ ಬೀದಿಗೆ ನೀರು ನುಗ್ಗಿದ ರಾತ್ರಿ, ಹಾಸಿಗೆ ಬಿಟ್ಟೇಳಲಾರದ ಅಜ್ಜಿ ಯಾವ ಮನೆಯಲ್ಲಿದ್ದಾರೆ ಎಂದು ಯಾರೂ ಹುಡುಕಬೇಕಾಗಲಿಲ್ಲ. ಅದು ಆ ನೋಟ್‌ಬುಕ್ಕಿನಲ್ಲಿತ್ತು. ಆ ಚೇಚಿ (ಮಲಯಾಳಿಗಳು ಅಕ್ಕನನ್ನು ಹೀಗೆ ಕರೆಯುತ್ತಾರೆ) ಇದನ್ನೆಲ್ಲ ಏಕೆ ಮಾಡುತ್ತಾರೆ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಅದು ಅವರ ಕೆಲಸ, ಬೀದಿಯವರೇ ಒಪ್ಪಿಸಿದ ಕೆಲಸ.

ನಮ್ಮಲ್ಲಿಯೂ ಹೀಗೆ ಒಪ್ಪಿಸಿದ ಕೆಲಸವೊಂದಿತ್ತು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೀರಗಂಟಿ ತೀರ್ಮಾನಿಸಿದರೆ ಗೌಡರೂ ಕಾಯಬೇಕಿತ್ತು. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆದು ಕೊಡುತ್ತಿದ್ದರು ಎಂದು ನಮ್ಮಜ್ಜ ಹೇಳುತ್ತಿದ್ದರು. ಆದರೆ ಆ ಕೆಲಸ ಜಾತಿಗೆ ಅಂಟಿಕೊಂಡಿತ್ತು, ಅದನ್ನು ಮಾಡುವವನಿಗೆ ಊರೊಳಗೆ ಸಮನಾದ ಜಾಗ ಇರಲಿಲ್ಲ. ಆದ್ದರಿಂದ ಅದು ಹಾಗೆಯೇ ಮರಳಲಿ ಎಂದು ನಾನು ಖಂಡಿತ ಬಯಸುವುದಿಲ್ಲ. ನನ್ನ ಸಂಕಟ ಬೇರೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಬಂದು, ಕೆರೆ ಬತ್ತಿ, ನೀರಗಂಟಿ ಇಲ್ಲವಾದ ಮೇಲೆ ಆ ಜಾಗದಲ್ಲಿ ಊರು ಯಾರನ್ನೂ ನಿಲ್ಲಿಸಲಿಲ್ಲ. ಕಾಯ್ದೆಯಲ್ಲಿ ಗ್ರಾಮಸಭೆ ಇದೆ. ನಮ್ಮೂರಿನಲ್ಲಿ ಅದು ಎಷ್ಟೋ ಸಲ ಸಹಿ ಪುಸ್ತಕದಲ್ಲೇ ನಡೆದು ಮುಗಿಯುತ್ತದೆ. ಯಾರೂ ನೇಮಿಸದೆ ತಾನಾಗಿ ಮುಂದೆ ಬಂದವನಿಗೆ ಸ್ವಾರ್ಥಿ ಎಂಬ ಹೆಸರು ಕಾದಿರುತ್ತದೆ.

ಕೇರಳದ ಕೂಟಗಳೊಳಗೂ ಪಕ್ಷ ರಾಜಕಾರಣ ಇದೆ, ಮುಂದಾಳಿನ ಆಯ್ಕೆಯಲ್ಲಿ ಬಣಗಳಾಗುವುದನ್ನು ನನ್ನ ಹೆಂಡತಿಯೇ ನೋಡಿದ್ದಾಳೆ. ನಮ್ಮ ಕೋಲಾರ ಜಿಲ್ಲೆಯವರು ಒಟ್ಟುಗೂಡದ ಜನ ಎಂದರೂ ಸುಳ್ಳಾಗುತ್ತದೆ; ಶಾಶ್ವತ ನೀರಾವರಿಗಾಗಿ ವರ್ಷಗಟ್ಟಲೆ ಧರಣಿ ಕೂತವರು ಇವರೇ. ಬೆಳಗಾಗೆದ್ದು ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಲ್ಲುವವರು, ಹಾಲಿನ ಸೊಸೈಟಿಯ ಕಾರ್ಯದರ್ಶಿ ಬರೆದ ಅಳತೆಯನ್ನು ನಂಬುತ್ತಾರೆ. ಹಾಲಿಗೆ ಇರುವ ಆ ನಂಬಿಕೆ ಕಾಲುವೆಗೆ ಏಕಿಲ್ಲ ಎಂಬುದು ನನಗೆ ಅರ್ಥವಾಗುವುದಿಲ್ಲ.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಒಳ್ಳೆಯ ಮಳೆಯಾಗಿ, ಕಾಲುವೆಯಲ್ಲಿ ನೀರು ಹರಿದು, ತೂಬಿನ ಕೆಳಗಿನ ಕಲ್ಲು ಮುಳುಗಿದೆಯಂತೆ. ಮುಂದಿನ ಬೇಸಿಗೆಗೆ ಉಳಿದ ಅರ್ಧ ಕಾಲುವೆಯನ್ನೂ ತಮ್ಮ ಮಾಡಿಸುತ್ತಾನಾ ಎಂದು ಕೇಳಿದೆ. “ಅವನ್ಯಾಕೆ ಹೋಗ್ತಾನೆ ಬಿಡಪ್ಪಾ” ಎಂದರು.